ಬೆಂಗಳೂರಿನಲ್ಲಿ ಆಪರೇಷನ್, ಸಕಲೇಶಪುರದಲ್ಲಿ ಆರೈಕೆ

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಊರಿಗೆ ಬಂದವರನ್ನು ಸಕಲೇಶಪುರ, ಆಲೂರು ಕಡೆಯ ನೆಂಟರಿಷ್ಟರು ಕೇಳುವುದು ಯಾವ ಆಸ್ಪತ್ರೆ, ಎಷ್ಟು ಖರ್ಚಾಯಿತು, ಎಷ್ಟು ಕೆಜಿ ಇಳಿಯಿತು ಎಂದು. ಆಪರೇಷನ್ನಿಗೆ ಮುಂಚೆ ರಕ್ತದಲ್ಲಿ ಕಬ್ಬಿಣದಂಶ ಎಷ್ಟಿತ್ತು, ಆರು ತಿಂಗಳಾದ ಮೇಲೆ ಬಿ12 ನೋಡಿಸಿದಿರಾ ಎಂದು ಕೇಳುವವರು ಸಿಕ್ಕುವುದಿಲ್ಲ. ಎಪ್ಪತ್ತು ವರ್ಷ ದಾಟಿದ ಈ ಚಿಕಿತ್ಸೆಯ ಚರಿತ್ರೆ ನೋಡಿದರೆ, ಅದು ಮತ್ತೆ ಮತ್ತೆ ಎಡವಿದ್ದು ಯಾರೂ ಕೇಳದ ಈ ಪ್ರಶ್ನೆಗಳ ಹತ್ತಿರವೇ.

1954ರಲ್ಲಿ ಅಮೆರಿಕದ ಮಿನೆಸೋಟಾದ ಕ್ರೆಮೆನ್, ಲಿನ್ನರ್ ಮತ್ತು ಸಂಗಡಿಗರು ಸಣ್ಣಕರುಳಿನ ಬಹುಪಾಲನ್ನು ಆಹಾರದ ದಾರಿಯಿಂದ ಬದಿಗೆ ಸರಿಸುವ ವಿಧಾನವನ್ನು ಪ್ರಕಟಿಸಿದರು. 1969ರ ಹೊತ್ತಿಗೆ ಪೇನ್ ಮತ್ತು ಡಿವಿಂಡ್ ಅದಕ್ಕೊಂದು ಅಳತೆ ಕೊಟ್ಟರು: ಕರುಳಿನ ಮೊದಲ 14 ಇಂಚನ್ನು ಕೊನೆಯ 4 ಇಂಚಿಗೆ ಜೋಡಿಸುವುದು. ಸುಮಾರು 20 ಅಡಿ ಉದ್ದದ ಕರುಳಿನಲ್ಲಿ ಒಂದೂವರೆ ಅಡಿ ಮಾತ್ರ ಕೆಲಸಕ್ಕೆ ಉಳಿಯಿತು. ತೂಕವೇನೋ ಇಳಿಯಿತು. ಅದರ ಹಿಂದೆಯೇ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೀಲುನೋವು, ವಿಟಮಿನ್ ಕೊರತೆ ಬಂದವು. ಕೆಲವರ ಪಿತ್ತಜನಕಾಂಗವೇ ಸೋತುಹೋಯಿತು. ಎಷ್ಟೋ ಜನರಿಗೆ ಹೊಟ್ಟೆ ಮತ್ತೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. ಆಪರೇಷನ್ ದಿನ ಇವರಲ್ಲಿ ಹೆಚ್ಚಿನವರು ಚೆನ್ನಾಗಿದ್ದರು ಎಂಬುದನ್ನು ಮರೆಯಬಾರದು. ಕೆಟ್ಟದ್ದರ ಬಹುಪಾಲು ತಿಂಗಳುಗಳು, ವರ್ಷಗಳು ಕಳೆದ ಮೇಲೆ, ರೋಗಿ ಮನೆಯಲ್ಲಿದ್ದಾಗ ಬಂದದ್ದು.

1966ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, ಚಿಕಾಶಿ ಇಟೊ ಜೊತೆಗೂಡಿ, ಜಠರದ ಮೇಲ್ಭಾಗವನ್ನು ಚಿಕ್ಕ ಚೀಲವಾಗಿಸಿ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದರು. ಹುಣ್ಣಿನ ಕಾರಣಕ್ಕೆ ಜಠರದ ಭಾಗ ಕಳೆದುಕೊಂಡವರು ಮತ್ತೆ ದಪ್ಪಗಾಗುವುದಿಲ್ಲ ಎಂಬ ಗಮನಿಕೆಯೇ ಅದಕ್ಕೆ ಮೂಲ. ಮೇಸನ್ ಅವರ ಇನ್ನೊಂದು ಕೆಲಸದ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನನಗೆ ಅದೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಆಪರೇಷನ್ ಆದವರ ಮುಂದಿನ ಕಥೆಯನ್ನು ಬರೆದಿಡಲೆಂದು 1986ರಲ್ಲಿ ಅವರು ಒಂದು ರಾಷ್ಟ್ರೀಯ ದಾಖಲೆ ಪುಸ್ತಕವನ್ನೇ ತೆರೆದರು. ಇಷ್ಟು ಜನರಿಗೆ ಕೊಯ್ದೆ ಎಂಬ ಲೆಕ್ಕ ಯಾವ ಸರ್ಜನ್ನನ ಬಳಿಯೂ ಇರುತ್ತದೆ. ಅವರೆಲ್ಲ ಈಗ ಹೇಗಿದ್ದಾರೆ ಎಂಬ ಲೆಕ್ಕ ಇಡುವುದು ಕಷ್ಟದ ಕೆಲಸ.

1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆ ಕರೆದು ಗಟ್ಟಿ ನಿಯಮ ಹಾಕಿತು. ಎತ್ತರಕ್ಕೆ ತೂಕವನ್ನು ತಾಳೆ ಹಾಕುವ ಅಳತೆಯಾದ ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆಗೆ ತೂಕದಿಂದ ಬಂದ ಗಂಭೀರ ಕಾಯಿಲೆ ಇರಬೇಕು ಎಂಬುದು ಎಲ್ಲರ ಬಾಯಲ್ಲಿ ಉಳಿಯಿತು. ಅದೇ ವರದಿಯ ಇನ್ನೆರಡು ಮಾತು, ಅಂದರೆ ಸರ್ಜನ್ ಒಬ್ಬರೇ ಅಲ್ಲ, ವೈದ್ಯರು, ಮನೋವೈದ್ಯರು, ಆಹಾರತಜ್ಞರು ಸೇರಿ ರೋಗಿಯನ್ನು ಪರೀಕ್ಷಿಸಬೇಕು ಮತ್ತು ಜೀವನಪರ್ಯಂತ ವೈದ್ಯಕೀಯ ನಿಗಾ ಬೇಕು ಎಂಬುದು, ಜಾಹೀರಾತುಗಳ ಗದ್ದಲದಲ್ಲಿ ಮುಚ್ಚಿಹೋಯಿತು. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕವೇ, ಬೈಪಾಸ್ ಮಾಡಿದ್ದನ್ನು ವರದಿ ಮಾಡಿದರು. ಆಮೇಲೆ ಬಂದದ್ದು ಜಠರದ ಮುಕ್ಕಾಲು ಪಾಲಿಗೂ ಹೆಚ್ಚು ತೆಗೆದು ಕೊಳವೆಯಂತೆ ಉಳಿಸುವ ಸ್ಲೀವ್. ಇವತ್ತು ನಮ್ಮ ಕಡೆಯವರಿಗೆ ಬೆಂಗಳೂರು, ಮಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಆಗುವುದು ಹೆಚ್ಚಾಗಿ ಈ ಎರಡರಲ್ಲಿ ಒಂದು.

ಈ ಆಪರೇಷನ್ ಅಪಾಯ ಎಂಬ ಮಾತಿಗೆ ಈಗ ಉತ್ತರವಿದೆ. ಅಮೆರಿಕದ ಹತ್ತು ಆಸ್ಪತ್ರೆಗಳ 4,776 ರೋಗಿಗಳ ಅಧ್ಯಯನ 2009ರಲ್ಲಿ ಬಂತು. ಮೊದಲ 30 ದಿನದ ಸಾವು ಶೇ. 0.3. ಸ್ವೀಡನ್ನಿನಲ್ಲಿ 1987ರಿಂದ 4,047 ಜನರನ್ನು ಬೆನ್ನುಹತ್ತಿ ನೋಡಿದ ಅಧ್ಯಯನ, ಆಪರೇಷನ್ ಆದವರು ಆಗದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆಂದು 2007ರಲ್ಲಿ ತೋರಿಸಿತು. ಸಿದ್ಧತೆಯೂ ನಿಗಾವೂ ಇದ್ದ ಕಡೆಯ ಅಂಕಿಗಳು ಇವು. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡಾಗ ಇಲ್ಲಿಯೂ ಜನ ಆ ಚಿಕಿತ್ಸೆಯನ್ನೂ ಈ ಆಪರೇಷನ್ನನ್ನೂ ಒಂದೇ ಎಂದುಕೊಂಡು ಹೆದರಿದರು. ಚರ್ಮದಡಿಯ ಕೊಬ್ಬು ಹೀರುವುದು ಆಕಾರಕ್ಕೆ. ಜಠರದ ಆಪರೇಷನ್ ಕಾಯಿಲೆಗೆ.

ಒಂದು ಕಾಲಕ್ಕೆ ಮಲೆನಾಡೆಂದರೆ ಚಳಿಜ್ವರ, ಬಡಕಲು ಮೈ. ಈಗ ಶುಗರ್, ಬಿಪಿ, ಮಂಡಿನೋವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ಸುಮಾರು ಶೇ. 30 ಮಂದಿ ಅಧಿಕ ತೂಕದವರು. ಅದೇ ಸಮೀಕ್ಷೆಯಲ್ಲಿ ರಾಜ್ಯದ ಹೆಂಗಸರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮೈ ದಪ್ಪಗಿದ್ದು ರಕ್ತ ತೆಳ್ಳಗಿರುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಇಂಥವರ ರಕ್ತಹೀನತೆಯನ್ನು ಸರಿಪಡಿಸದೆ ಬೈಪಾಸ್‌ಗೆ ಒಯ್ದರೆ ಕಬ್ಬಿಣ ಹೀರುವ ಕರುಳಿನ ಭಾಗವೇ ಬದಿಗೆ ಸರಿಯುತ್ತದೆ. ರಕ್ತ ಇನ್ನಷ್ಟು ಇಳಿಯುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ. ವರ್ಷಗಟ್ಟಲೆ ಶುಗರಿಗೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಇನ್ನೂ ಕಡಿಮೆ.

ಹಾಗಾಗಿ ಸಿದ್ಧತೆ ಎಂದರೆ ಇಸಿಜಿ ತೆಗೆದು ಸಹಿ ಹಾಕಿಸಿಕೊಳ್ಳುವುದಲ್ಲ. ರಕ್ತ, ಕಬ್ಬಿಣ, ಬಿ12, ವಿಟಮಿನ್ ಡಿ, ಥೈರಾಯ್ಡ್, ಸಕ್ಕರೆಯ ಮೂರು ತಿಂಗಳ ಸರಾಸರಿ ನೋಡಬೇಕು. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣು, ಎಚ್. ಪೈಲೋರಿ ಸೋಂಕು ಇದೆಯೇ ಎಂದು ತಿಳಿಯಬೇಕು. ಬೀಡಿ, ಸಿಗರೇಟು ಕನಿಷ್ಠ ಆರು ವಾರ ಮುಂಚೆ ನಿಲ್ಲಬೇಕು. ಕೊನೆಯ ಎರಡು ವಾರದ ಕಡಿಮೆ ಕ್ಯಾಲೊರಿಯ ಪಥ್ಯ ಊದಿದ ಪಿತ್ತಜನಕಾಂಗವನ್ನು ಕುಗ್ಗಿಸಿ ಸರ್ಜನ್ನನ ಕೈಗೆ ಜಾಗ ಮಾಡಿಕೊಡುತ್ತದೆ. ಗೊರಕೆ ನಮ್ಮಲ್ಲಿ ನಗೆಯ ವಿಷಯ; ಆದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಗೊತ್ತಾಗದೆ ಉಳಿದರೆ ಅರಿವಳಿಕೆ ಕೊಟ್ಟ ರಾತ್ರಿಯೇ ಅಪಾಯ. ಅದಕ್ಕೆ ರಾತ್ರಿ ಮುಖಕ್ಕೆ ಕಟ್ಟಿಕೊಳ್ಳುವ ಗಾಳಿಯಂತ್ರ ಬರೆದುಕೊಡುತ್ತಾರೆ. ಹೆತ್ತೂರು, ಹಾನುಬಾಳು ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ. ಆ ಯಂತ್ರಕ್ಕೊಂದು ಬ್ಯಾಟರಿ ಬೇಕೆಂದು ನಗರದ ವೈದ್ಯರಿಗೆ ತೋಚದಿದ್ದರೆ ನಾವೇ ಹೇಳಬೇಕು.

ಸಿದ್ಧತೆಯ ಹೆಸರಲ್ಲಿ ತಡ ಮಾಡುವುದೂ ಸರಿಯಲ್ಲ. ಅಮೆರಿಕದ ವಿಮಾ ಕಂಪನಿಗಳು ಆರು ತಿಂಗಳು ಕಡ್ಡಾಯ ಪಥ್ಯ ಮಾಡಿಸಿದ ಮೇಲೇ ಹಣ ಕೊಡುತ್ತೇವೆ ಎನ್ನುತ್ತಿದ್ದವು. ಅದಕ್ಕೆ ಆಧಾರವಿಲ್ಲವೆಂದು ಅಲ್ಲಿಯ ಸರ್ಜನ್ನರ ಸಂಘವೇ 2016ರಲ್ಲಿ ಹೇಳಿತು. ನಮ್ಮಲ್ಲಿ ತೊಡಕು ಬೇರೆ ಬಗೆಯದು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುವುದರಿಂದ 2009ರ ಇಲ್ಲಿಯ ತಜ್ಞರ ಒಮ್ಮತ ಆಪರೇಷನ್ನಿನ ಮಿತಿಯನ್ನು ಬಿಎಂಐ 37.5ಕ್ಕೆ, ಕಾಯಿಲೆಯಿದ್ದರೆ 32.5ಕ್ಕೆ ಇಳಿಸಿತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದಿತು. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮ ಮಾತ್ರ 40 ಮತ್ತು 35ರಲ್ಲೇ ನಿಂತಿದೆ. 160 ಸೆಂ.ಮೀ. ಎತ್ತರದ, ಶುಗರ್ ಹತೋಟಿಗೆ ಬಾರದ ಹೆಂಗಸಿಗೆ 83 ಕೆಜಿಯಲ್ಲೇ ಆಪರೇಷನ್ ಯೋಚಿಸಬಹುದು ಎಂದು ಇಲ್ಲಿಯ ತಜ್ಞರ ಒಮ್ಮತವೇ ಹೇಳಿದರೆ, ವಿಮೆ ಸುಮಾರು 90 ಕೆಜಿ ಆಗುವವರೆಗೆ ಕಾಯಿಸುತ್ತದೆ.

ಇನ್ನು ಆಮೇಲಿನ ಕಥೆ. ತೋಟದವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಗಿಡಗಸಿ ಮುಗಿಸಿ, ಚಿಗುರು ತೆಗೆಯಲು ಆಳು ಕಳಿಸದಿದ್ದರೆ ಮಾಡಿದ ಕಸಿ ದಂಡ. ಒಂದು, ಮೂರು, ಆರು, ಹನ್ನೆರಡನೆಯ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ತಪಾಸಣೆ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಸಕಲೇಶಪುರದಿಂದ ಬೆಂಗಳೂರು ಸುಮಾರು 220 ಕಿ.ಮೀ., ಮಂಗಳೂರು 130. ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬುವಂತಿಲ್ಲ. 2024ರ ಜುಲೈಯಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಮಳೆ ಮುಗಿಯಿತೆಂದರೆ ಕಾಫಿ ಕೊಯ್ಲು. ತೂಕ ಇಳಿಯುತ್ತಿದೆ, ಮೈ ಹಗುರವಾಗಿದೆ, ಸುಮ್ಮನೆ ಯಾಕೆ ಹೋಗುವುದು ಎಂದು ಮೂರನೆಯ ಭೇಟಿ ತಪ್ಪುತ್ತದೆ. ನಾಲ್ಕನೆಯದು ನೆನಪೇ ಆಗುವುದಿಲ್ಲ.

ಈ ನಡುವೆ ಆಗಬಾರದ್ದು ಆಗುತ್ತಿರಬಹುದು. ಮೊದಲನೆಯದು ವಾಂತಿ. ಬಿ1 ವಿಟಮಿನ್ ಮೈಯಲ್ಲಿ ಎರಡು ಮೂರು ವಾರಕ್ಕಾಗುವಷ್ಟೇ ಇರುತ್ತದೆ. ಆಪರೇಷನ್ನಿನ ಮೊದಲ ತಿಂಗಳುಗಳಲ್ಲಿ ಒಂದೇ ಸಮನೆ ವಾಂತಿಯಾದರೆ ಅದು ಮುಗಿದುಹೋಗುತ್ತದೆ. ಸುಸ್ತಾದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಒಂದು ಗ್ಲೂಕೋಸ್ ಹಾಕಿಸುವುದು ನಮ್ಮಲ್ಲಿ ರೂಢಿ. ಬಿ1 ಚುಚ್ಚುಮದ್ದು ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದ ಚೂರು ಬಿ1 ಕೂಡ ಖರ್ಚಾಗಿ ಮೆದುಳಿಗೆ ಏಟು ಬೀಳಬಹುದು: ಕಣ್ಣು ಅದುರುವುದು, ನಡಿಗೆ ತಪ್ಪುವುದು, ಗೊಂದಲ, ಮರೆವು. ಕೆಲವರಲ್ಲಿ ಅದು ಶಾಶ್ವತ. ಈ ಲೇಖನದಲ್ಲಿ ಒಂದೇ ವಾಕ್ಯ ಕತ್ತರಿಸಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಈ ಆಪರೇಷನ್ ಆದವರು ವಾಂತಿ ಎಂದು ಬಂದರೆ ಮೊದಲು ಬಿ1, ಆಮೇಲೆ ಗ್ಲೂಕೋಸ್.

ಎರಡನೆಯದು ಹೊಟ್ಟೆನೋವು. ಬೈಪಾಸ್ ಆದವರಲ್ಲಿ ತೂಕ ಇಳಿದು ಹೊಟ್ಟೆಯೊಳಗಿನ ಕೊಬ್ಬು ಕರಗಿದ ಮೇಲೆ, ಒಂದೆರಡು ವರ್ಷಕ್ಕೂ, ಕರುಳು ಒಳಗಿನ ಸಂದಿಯಲ್ಲಿ ಸಿಕ್ಕಿಕೊಳ್ಳಬಹುದು. ಊಟದ ನಂತರ ಹಿಂಡಿದಂತೆ ಬಂದು ಹೋಗುವ ನೋವು. ಎಲ್ಲ ಹೊಟ್ಟೆನೋವಿಗೂ 'ಗ್ಯಾಸ್ಟ್ರಿಕ್' ಎಂದು ಹೆಸರಿಟ್ಟು ಮಾತ್ರೆ ನುಂಗುವ ಊರಲ್ಲಿ ಇದನ್ನು ಗುರುತಿಸುವುದು ಕಷ್ಟ. ಇದಕ್ಕೆ ಬೇಕಾದದ್ದು ಸಿ.ಟಿ. ಸ್ಕ್ಯಾನ್ ಮತ್ತು ಸರ್ಜನ್, ಅದೂ ಗಂಟೆಗಳ ಲೆಕ್ಕದಲ್ಲಿ. ಮೊದಲ ವಾರಗಳಲ್ಲಾದರೆ ನಾಡಿ 120 ದಾಟುವುದು, ಜ್ವರ, ಎಡಭುಜದ ನೋವು ಹೊಲಿಗೆ ಸೋರುತ್ತಿರುವುದರ ಸೂಚನೆಯಾಗಿರಬಹುದು. ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆ ಬೈಪಾಸ್ ಆದವರ ಜಠರದ ಜೋಡಣೆಯಲ್ಲಿ ಹುಣ್ಣು ಮಾಡುತ್ತದೆ. ಹಳೆಯ ಶುಗರ್ ಮಾತ್ರೆ, ಇನ್ಸುಲಿನ್ನಿನ ಅಳತೆಯನ್ನು ಇಳಿಸದೆ ಮುಂದುವರಿಸಿದರೆ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯುತ್ತದೆ.

ಊಟದ ಕಥೆಯೂ ಸಣ್ಣದಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು. ಮೊಟ್ಟೆಯ ಲೆಕ್ಕದಲ್ಲಿ ಹತ್ತು. ಅಂಗೈಯಷ್ಟೂ ಇಲ್ಲದ ಜಠರವನ್ನು ಅಕ್ಕಿರೊಟ್ಟಿ, ಕಡುಬು ತುಂಬಿಬಿಟ್ಟರೆ ಕಾಳು, ಮೊಸರು, ಮೀನು, ಕೋಳಿಗೆ ಜಾಗವೆಲ್ಲಿ? ಮದುವೆಮನೆಯಲ್ಲಿ ಬೇಡ ಎಂದರೂ ಪಾಯಸ ಬಡಿಸುವುದು ನಮ್ಮ ಪ್ರೀತಿಯ ಕ್ರಮ. ಬೈಪಾಸ್ ಆದವರಿಗೆ ಆ ಸಿಹಿ ಬೆವರು, ಎದೆಬಡಿತ, ತಲೆಸುತ್ತು ತರುತ್ತದೆ. ಕಬ್ಬಿಣದ ಮಾತ್ರೆಯನ್ನು ಕಾಫಿಯ ಜೊತೆ ನುಂಗಿದರೆ ಅರ್ಧ ವ್ಯರ್ಥ. ಹೊತ್ತಿಗೊಂದು ಲೋಟ ಕಾಫಿ ಕೈಗೆ ಬರುವ ಮನೆಗಳಲ್ಲಿ ಈ ಮಾತ್ರೆಗೊಂದು ಪ್ರತ್ಯೇಕ ವೇಳೆ ಗೊತ್ತುಮಾಡಬೇಕು. ಬೈಪಾಸ್ ನಂತರ ಮದ್ಯ ಬೇಗ ತಲೆಗೇರುತ್ತದೆ. ಎರಡನೆಯ ವರ್ಷದಿಂದ ಕುಡಿತದ ಚಟ ಹೆಚ್ಚುವುದನ್ನು ಅಮೆರಿಕದ ಅಧ್ಯಯನಗಳು ದಾಖಲಿಸಿವೆ. ತೂಕ ಇಳಿದ ಹೆಂಗಸರಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಮೊದಲ 12ರಿಂದ 18 ತಿಂಗಳು ಅದು ಆಗದಂತೆ ನೋಡಿಕೊಳ್ಳಬೇಕು. ಇದನ್ನು ಅತ್ತೆ, ಗಂಡನ ಎದುರಿಗೇ ಆಹಾರತಜ್ಞರು, ವೈದ್ಯರು ಹೇಳಿದರೆ ಅರ್ಧ ಕಷ್ಟ ಕಡಿಮೆ.

ಇದಕ್ಕೆಲ್ಲ ಪ್ರತಿಸಲ ಬೆಂಗಳೂರೇ ಬೇಕೆಂದೇನೂ ಇಲ್ಲ. ಹಾಸನದಲ್ಲಿ 2006ರಿಂದ ವೈದ್ಯಕೀಯ ಕಾಲೇಜಿದೆ. ಆಲೂರಿಗೆ ಅದು ಪಕ್ಕದೂರು, ಸಕಲೇಶಪುರಕ್ಕೆ 40 ಕಿ.ಮೀ. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ಕ್ಯಾಲ್ಸಿಯಂ ಪರೀಕ್ಷೆಯ ರಕ್ತವನ್ನು ಇಲ್ಲಿಯೇ ಕೊಡಬಹುದು. ವರದಿಯನ್ನು ಫೋನಿನಲ್ಲಿ ಸರ್ಜನ್ನರಿಗೆ ಕಳಿಸಬಹುದು. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಇಂಥ ಮರುಭೇಟಿಗೆ ಅವಕಾಶ ಕೊಟ್ಟಿದೆ. ಬೇಕಾದದ್ದು ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯ ರಾತ್ರಿಪಾಳಿಯ ವೈದ್ಯರಿಗೂ ಒಂದೇ ನೋಟಕ್ಕೆ ಅರ್ಥವಾಗುವ ಡಿಸ್ಚಾರ್ಜ್ ಚೀಟಿ: ಯಾವ ಆಪರೇಷನ್, ಯಾವ ದಿನ, ಯಾವ ಮಾತ್ರೆ ಕೂಡದು, ಯಾವ ಲಕ್ಷಣಕ್ಕೆ ಎಲ್ಲಿಗೆ ಫೋನ್ ಮಾಡಬೇಕು. ಅದರ ಫೋಟೋ ರೋಗಿಯ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇರಲಿ.

ಈಗ ಚರಿತ್ರೆಗೆ ಹೊಸ ಪುಟ ಸೇರಿದೆ. 2025ರಲ್ಲಿ ಮೌಂಜಾರೊ, ವೆಗೋವಿ ಎಂಬ, ವಾರಕ್ಕೊಮ್ಮೆ ಕೊಡುವ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತಕ್ಕೆ ಬಂದವು. ಇವನ್ನು ಆಪರೇಷನ್ನಿಗೆ ಮುಂಚೆ ತೂಕ ತಗ್ಗಿಸಲೂ, ವರ್ಷಗಳ ಮೇಲೆ ತೂಕ ಮರಳಿದರೆ ತಡೆಯಲೂ ವೈದ್ಯರು ಬಳಸುತ್ತಿದ್ದಾರೆ. ನಿಲ್ಲಿಸಿದರೆ ತೂಕ ಮತ್ತೆ ಏರುವುದರಿಂದ ಇವಕ್ಕೂ ದೀರ್ಘ ನಿಗಾ ತಪ್ಪದು. ಇವು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ. ರಾತ್ರಿಯಿಡೀ ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಅರಿವಳಿಕೆಯ ವೇಳೆ ಶ್ವಾಸಕೋಶಕ್ಕೆ ಇಳಿಯಬಹುದು. ಚುಚ್ಚಿಸಿಕೊಳ್ಳುತ್ತಿರುವವರು ಹಲ್ಲಿನದೋ ಪಿತ್ತಕೋಶದ್ದೋ, ಯಾವ ಆಪರೇಷನ್ನಿಗೆ ಹೋದರೂ ಕೊನೆಯ ಡೋಸು ಯಾವ ದಿನ ಎಂಬುದನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಬೇಕು.