ಸರ್ಪಗಂಧದ ಬೇರು ಕಲಿಸಿದ ಪಾಠ



ನಮ್ಮ ಬಿಟಿಎಂ ಲೇಔಟಿನ ಉದ್ಯಾನಗಳಲ್ಲಿ ಹಿರಿಯರು ಕಲೆತರೆ ಮಾತು ಬಹುಬೇಗ ಬಿ.ಪಿ. ಗುಳಿಗೆಗಳತ್ತ ಹೊರಳುತ್ತದೆ. ಆ ಗುಳಿಗೆಗಳ ಚರಿತ್ರೆಯಲ್ಲಿ ನಮ್ಮ ದೇಶದ ಬೇರೊಂದಕ್ಕೆ ಹಿರಿಯ ಸ್ಥಾನವಿರುವುದು ಅನೇಕರಿಗೆ ತಿಳಿಯದು.

ಅದೇ ಸರ್ಪಗಂಧ. ಪಶ್ಚಿಮಘಟ್ಟದಲ್ಲಿಯೂ ಬೆಳೆಯುವ ಈ ಗಿಡಕ್ಕೆ ಕನ್ನಡದಲ್ಲಿ ಸೂತ್ರನಾಭಿಯೆಂಬ ಹೆಸರೂ ಉಂಟು. ಹಿಂದೆ ಇದನ್ನು ಹಾವಿನ ಕಡಿತಕ್ಕೂ ಚಿತ್ತಭ್ರಮೆಗೂ ಕೊಡುತ್ತಿದ್ದರು. ಇದು ರಕ್ತದೊತ್ತಡಕ್ಕೂ ಮದ್ದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಪ್ರಕಟಿಸಿದರು. 1934ರಲ್ಲಿ ಹಿಮಾಲಯ ಕಂಪನಿಯು ‘ಸರ್ಪಿನಾ’ ಗುಳಿಗೆಯನ್ನು ಹೊರತಂದಿತು. ಡೆಹರಾಡೂನಿನಲ್ಲಿ ಹುಟ್ಟಿದ ಆ ಕಂಪನಿ ಮುಂದೆ ನಮ್ಮ ಬೆಂಗಳೂರಿನಲ್ಲಿಯೇ ನೆಲೆಯೂರಿತು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ರೋಗಿಗಳ ಮೇಲಿನ ಪ್ರಯೋಗದ ಫಲಿತಾಂಶವನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಇತ್ತ ಕಣ್ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಸಾರವಾದ ರಿಸರ್ಪೀನನ್ನು ಬೇರ್ಪಡಿಸಿದರು. ಅದನ್ನು ಒಳಗೊಂಡ ‘ಅಡೆಲ್ಫೇನ್’ ಗುಳಿಗೆ ನಮ್ಮಲ್ಲಿ ಮನೆಮಾತಾಯಿತು.

ಆದರೆ ಬೇರಿನ ಮದ್ದೆಂದ ಮಾತ್ರಕ್ಕೆ ಅದು ನಿರಪಾಯಕಾರಿಯಾಗಿರಲಿಲ್ಲ. ರಿಸರ್ಪೀನ್ ನರತುದಿಗಳಲ್ಲಿ ಸಂಗ್ರಹವಾಗಿರುವ ನಾರ್‌ಅಡ್ರಿನಲಿನ್‌ನಂತಹ ರಾಸಾಯನಿಕಗಳನ್ನು ಬರಿದುಮಾಡುತ್ತದೆ. ಒತ್ತಡ ಇಳಿಯುವುದು ಹೀಗೆ. ಮೂಗು ಕಟ್ಟುವುದು, ಮನಸ್ಸು ಕುಗ್ಗುವುದು ಇದರ ದುಷ್ಪರಿಣಾಮಗಳೆಂದು ವೈದ್ಯರು ಕಂಡುಕೊಂಡರು. ಹೃದ್ರೋಗದ ಡಿಜಾಕ್ಸಿನ್ ಜೊತೆ ಸೇರಿದರೆ ಹೃದಯದ ಲಯ ತಪ್ಪುವ ಭಯ. ಖಿನ್ನತೆಯ ಕೆಲವು ಹಳೆಯ ಔಷಧಗಳೊಡನೆ ಸೇರಿದರೆ ಒತ್ತಡ ಹಠಾತ್ತನೆ ಏರುವ ಭಯ. ಮುಂದೆ ಮೂತ್ರಕಾರಕಗಳು, ಪ್ರೊಪ್ರನೊಲಾಲ್, ಆಮ್ಲೊಡಿಪಿನ್, ಟೆಲ್ಮಿಸಾರ್ಟನ್ ಬಂದಂತೆ ರಿಸರ್ಪೀನಿನ ಬಳಕೆ ವಿರಳವಾಯಿತು.

ಮದ್ದು ಬದಲಾದರೂ ಪಾಠ ಹಳತಾಗಿಲ್ಲ. ಮಂಡಿನೋವಿಗೆಂದು ನಾವೇ ಕೊಂಡು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಬಿ.ಪಿ. ಮದ್ದಿನ ಬಲವನ್ನು ಕುಗ್ಗಿಸುತ್ತವೆ. ಟೆಲ್ಮಿಸಾರ್ಟನ್ ಮತ್ತು ಮೂತ್ರಕಾರಕ ಎರಡನ್ನೂ ಸೇವಿಸುವವರಲ್ಲಿ ಮೂತ್ರಪಿಂಡಕ್ಕೇ ಹಾನಿ ತರಬಲ್ಲವು. ಕೆಮ್ಮಿಗೆ ಬಾಯಲ್ಲಿಡುವ ಜ್ಯೇಷ್ಠಮಧು ಅತಿಯಾದರೆ ಒತ್ತಡವನ್ನು ಏರಿಸುತ್ತದೆ. ‘ಬಿ.ಪಿ. ಇರುವವರಿಗೆ ಒಳ್ಳೆಯದು’ ಎಂದು ಮಾರುವ ಕೆಲವು ಉಪ್ಪುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಟೆಲ್ಮಿಸಾರ್ಟನ್ ಸೇವಿಸುವವರ ರಕ್ತದಲ್ಲಿ ಅದು ಮಿತಿಮೀರಬಹುದು.

ಹೃದಯಕ್ಕೊಬ್ಬರು, ಮಂಡಿಗೊಬ್ಬರು, ಕಷಾಯಕ್ಕೊಬ್ಬರು ಎಂದು ನಾವು ವೈದ್ಯರನ್ನು ಹಂಚಿಕೊಂಡಿದ್ದೇವೆ. ಎಲ್ಲ ಮದ್ದೂ ಸೇರುವ ದೇಹ ಮಾತ್ರ ಒಂದೇ. ಆದ್ದರಿಂದ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಮನೆಯಲ್ಲಿರುವ ಗುಳಿಗೆ, ಲೇಹ್ಯ, ಚೂರ್ಣ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದಿಡಿ. ಅವರನ್ನು ಕೇಳದೆ ಯಾವುದನ್ನೂ ಸೇರಿಸಬೇಡಿ, ಯಾವುದನ್ನೂ ನಿಲ್ಲಿಸಬೇಡಿ.