ಹೆಸರು ಬದಲಿಸಿದ ದೇಶಗಳು

ಒಂದು ನಾಡಿನ ಜನ ತಮ್ಮ ನೆಲಕ್ಕೆ ತಾವೇ ಹೇಳಿಕೊಳ್ಳುವ ಹೆಸರು ಬೇರೆ, ಹೊರಗಿನವರು ಅದನ್ನು ಕರೆಯುವ ಹೆಸರು ಬೇರೆ ಎಂಬ ವ್ಯತ್ಯಾಸವನ್ನು ಸ್ಥಳನಾಮಗಳ ಅಧ್ಯಯನ ಗುರುತಿಸುತ್ತದೆ. ಅನುಕೂಲಕ್ಕಾಗಿ ಇವನ್ನು ಒಳಹೆಸರು, ಹೊರಹೆಸರು ಎನ್ನಬಹುದು. ರಾಜ್ಯಗಳು ಹೆಚ್ಚಾಗಿ ಅರಸುಮನೆತನದಿಂದಲೇ ಗುರುತಾಗುತ್ತಿದ್ದ ಕಾಲದಲ್ಲಿ ಇವೆರಡೂ ತಮ್ಮ ತಮ್ಮ ಪಾಡಿಗೆ ಇದ್ದವು. ಮುದ್ರಿತ ಭೂಪಟ, ಅಂಚೆ ಒಪ್ಪಂದ, ಪಾಸ್‌ಪೋರ್ಟ್ ಹಾಗೂ ರಾಷ್ಟ್ರಸಂಘದ ಸದಸ್ಯತ್ವ ಬಂದ ಮೇಲೆ ಪ್ರತಿ ದೇಶಕ್ಕೂ ಎಲ್ಲರೂ ಒಪ್ಪುವ ಒಂದು ಹೆಸರು ಬೇಕಾಯಿತು, ಅದನ್ನು ನಿರ್ಧರಿಸುವವರು ಯಾರೆಂಬ ತಕರಾರೂ ಅಲ್ಲಿಂದಲೇ ಬಲಿಯಿತು.

ಇರಾನ್ ಇದಕ್ಕೆ ಸ್ಪಷ್ಟ ನಿದರ್ಶನ. ದಕ್ಷಿಣದ ಪಾರ್ಸ್ ಎಂಬ ಒಂದು ಪ್ರಾಂತದ ಹೆಸರನ್ನು ಗ್ರೀಕರು ಇಡೀ ಸಾಮ್ರಾಜ್ಯಕ್ಕೆ ಅನ್ವಯಿಸಿದ್ದರಿಂದ ಯುರೋಪಿನಲ್ಲಿ ಪರ್ಷಿಯಾ ಎಂಬುದು ನಿಂತಿತಾದರೂ, ಸಸಾನಿಯನ್ ಅರಸರ ಕಾಲದಿಂದಲೂ ಅಲ್ಲಿನವರ ಬಳಕೆಯಲ್ಲಿದ್ದುದು ಇರಾನ್. 1935ರಲ್ಲಿ ರೆಜಾ ಷಾ ಸರ್ಕಾರ ಇನ್ನು ಮುಂದೆ ಆ ಹೆಸರನ್ನೇ ಬಳಸಬೇಕೆಂದು ವಿದೇಶಗಳನ್ನು ಕೇಳಿಕೊಂಡಾಗ ಬದಲಾದದ್ದು ಹೊರಗಿನವರ ಕಡತ ಮಾತ್ರ. 1939ರಲ್ಲಿ ಸಯಾಮ್ ಥಾಯ್ಲೆಂಡ್ ಆದದ್ದು ಹಾಗಲ್ಲ: ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ ಒಂದು ಜನಾಂಗದ ಹೆಸರನ್ನು ದೇಶಕ್ಕಿಟ್ಟು, ಚೀನೀಯರು, ಮಲಯರು ಮೊದಲಾದವರೂ ಇದ್ದ ನಾಡನ್ನು ಥಾಯ್ ಜನರದೇ ಎಂದು ಸಾರಲು ಹೊರಟರು. ಯುದ್ಧ ಮುಗಿದ 1945ರಲ್ಲಿ ಸಯಾಮ್ ಮರಳಿತು. ಕೆಲವೇ ವರ್ಷಗಳಲ್ಲಿ ಫಿಬುನ್ ಮತ್ತೆ ಅಧಿಕಾರಕ್ಕೆ ಬಂದರು, ಥಾಯ್ಲೆಂಡ್ ಕೂಡ ಬಂತು.

ಹೆಸರು ಬದಲಿಸುವ ಕೆಲಸ ವ್ಯಾಪಕವಾದದ್ದು ವಸಾಹತುಗಳು ಸ್ವತಂತ್ರವಾದಾಗ. ಯುರೋಪಿನ ವರ್ತಕರು ಪಶ್ಚಿಮ ಆಫ್ರಿಕದ ಕರಾವಳಿಯನ್ನು ಅಲ್ಲಿ ಸಿಗುತ್ತಿದ್ದ ಸರಕಿನ ಮೇಲೆ ಚಿನ್ನದ ತೀರ, ದಂತದ ತೀರ ಎಂದು ಹೆಸರಿಸಿದ್ದರು. 1957ರ ಮಾರ್ಚ್ 6ರಂದು ಕ್ವಾಮೆ ಎನ್‌ಕ್ರುಮಾ ಅವರ ನೇತೃತ್ವದಲ್ಲಿ ಬ್ರಿಟಿಷರ ಗೋಲ್ಡ್ ಕೋಸ್ಟ್ ಘಾನಾ ಎಂಬ ಹೆಸರಿನಿಂದ ಸ್ವತಂತ್ರವಾಯಿತು. ಆದರೆ ಮಧ್ಯಯುಗದ ಘಾನಾ ಸಾಮ್ರಾಜ್ಯವಿದ್ದುದು ಅಲ್ಲಿಂದ ನೂರಾರು ಮೈಲಿ ವಾಯವ್ಯಕ್ಕೆ, ಇಂದಿನ ಮಾರಿಟಾನಿಯ ಮತ್ತು ಮಾಲಿಗಳ ಗಡಿಯ ಆಸುಪಾಸಿನಲ್ಲಿ. ಈ ಹೆಸರಿಗಾಗಿ ವಾದಿಸಿದ ಜೆ. ಬಿ. ಡಾನ್‌ಕ್ವಾ, ಗೋಲ್ಡ್ ಕೋಸ್ಟಿನ ಅಕಾನ್ ಜನರ ಪೂರ್ವಿಕರು ಆ ಸಾಮ್ರಾಜ್ಯದಿಂದ ವಲಸೆ ಬಂದವರೆಂದು ನಂಬಿದ್ದರೂ ಇತಿಹಾಸಕಾರರು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗೆಂದು ಇಂಥ ಆಯ್ಕೆಯನ್ನು ಪ್ರಮಾದವೆಂದು ತಳ್ಳಿಹಾಕುವುದು ಅವಸರವಾದೀತು, ಏಕೆಂದರೆ ದೂರದ ಹೆಸರಿಗೆ ಅದರದೇ ಅನುಕೂಲವಿದೆ. ಪಶ್ಚಿಮ ಆಫ್ರಿಕದ್ದೇ ಇನ್ನೊಂದು ದೇಶವಾದ ದಹೋಮಿಯ ಹೆಸರು ಅದರ ದಕ್ಷಿಣದ ಫೊನ್ ಜನರ ರಾಜ್ಯದ್ದಾಗಿದ್ದರಿಂದ, ಆ ರಾಜ್ಯಕ್ಕೆ ಒಳಪಡದಿದ್ದ ಉತ್ತರದ ಜನರಿಗೆ ಅದು ತಮ್ಮದೆನಿಸುವಂತಿರಲಿಲ್ಲ. 1975ರಲ್ಲಿ ಆ ದೇಶ ಆಯ್ದುಕೊಂಡ ಬೆನಿನ್ ಎಂಬುದು ಪಕ್ಕದ ಕೊಲ್ಲಿಯ ಹೆಸರು, ಕೊಲ್ಲಿಗೆ ಹೆಸರು ಕೊಟ್ಟ ಹಳೆಯ ರಾಜ್ಯವೋ ಇಂದಿನ ನೈಜೀರಿಯದಲ್ಲಿತ್ತು. ಒಳಗಿನ ಯಾರ ಸೊತ್ತೂ ಅಲ್ಲದ್ದರಿಂದಲೇ ಅದು ಎಲ್ಲರಿಗೂ ಸಲ್ಲುವಂತಾಯಿತು.

ಮೂಲಕ್ಕೆ ಮರಳುವ ಹಟ ಎಷ್ಟು ತೊಡಕಿನದೆಂಬುದನ್ನು ಕಾಂಗೋ ತೋರಿಸುತ್ತದೆ. ವಿದೇಶಿ ಛಾಯೆಯನ್ನೆಲ್ಲ ಅಳಿಸಬೇಕೆಂಬ ‘ನೈಜತೆ’ಯ ನೀತಿಯನ್ನು ಹಿಡಿದ ಅಲ್ಲಿನ ಅಧ್ಯಕ್ಷ ಮೊಬುಟು, 1971ರಲ್ಲಿ ದೇಶಕ್ಕೂ ನದಿಗೂ ಜೈರ್ ಎಂದು ಹೆಸರಿಟ್ಟರು, ಪ್ರಜೆಗಳೂ ಕ್ರೈಸ್ತ ಹೆಸರುಗಳನ್ನು ಬಿಡಬೇಕೆಂದರು. ಆದರೆ ಜೈರ್ ಎಂಬುದೇ ಸ್ಥಳೀಯ ಮಾತೊಂದನ್ನು ಪೋರ್ಚುಗೀಸರು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡ ರೂಪವಾಗಿತ್ತು. 1997ರಲ್ಲಿ ಮೊಬುಟು ಪದಚ್ಯುತರಾದಾಗ ಆ ಹೆಸರೂ ಅವರ ಹಿಂದೆಯೇ ಹೋಯಿತು. ಅಪ್ಪರ್ ವೋಲ್ಟಾವನ್ನು 1984ರಲ್ಲಿ ಬುರ್ಕಿನಾ ಫಾಸೊ ಮಾಡಿದ ಅಲ್ಲಿನ ಅಧ್ಯಕ್ಷ ತೋಮಾ ಸಂಕಾರಾ 1987ರಲ್ಲಿ ಹತ್ಯೆಯಾದರೂ, ನಾಡಿನ ಎರಡು ಭಾಷೆಗಳ ಪದಗಳನ್ನು ಜೋಡಿಸಿ ಕಟ್ಟಿದ ಹೆಸರು ಉಳಿದುಕೊಂಡಿತು.

ಏಷ್ಯಾದಲ್ಲಿ ಸಿಲೋನ್ 1972ರ ಗಣರಾಜ್ಯ ಸಂವಿಧಾನದೊಡನೆ ಶ್ರೀಲಂಕಾ ಆಯಿತು, ಚಹಾ ಮಾತ್ರ ಇಂದಿಗೂ ಸಿಲೋನ್ ಚಹಾ ಎಂದೇ ಮಾರಾಟವಾಗುತ್ತದೆ. 1989ರಲ್ಲಿ ಬರ್ಮಾವನ್ನು ಮ್ಯಾನ್ಮಾರ್ ಮಾಡಿದ್ದು ಚುನಾಯಿತವಲ್ಲದ ಸೇನಾಡಳಿತವಾದ್ದರಿಂದ, ಹಳೆಯ ಹೆಸರನ್ನು ಬಳಸುವುದೇ ಬಹುಕಾಲ ಒಂದು ರಾಜಕೀಯ ನಿಲುವಾಗಿತ್ತು.

ಇತ್ತೀಚಿನ ಬದಲಾವಣೆಗಳಲ್ಲಿ ಕ್ರಾಂತಿಯ ಆವೇಶಕ್ಕಿಂತ ರಾಜತಾಂತ್ರಿಕ ಪತ್ರವ್ಯವಹಾರದ ಪಾಲೇ ಹೆಚ್ಚು. 1991ರಲ್ಲಿ ಯುಗೊಸ್ಲಾವಿಯದಿಂದ ಬೇರ್ಪಟ್ಟ ಮ್ಯಾಸಿಡೋನಿಯದ ಹೆಸರಿಗೆ, ಅದೇ ಹೆಸರಿನ ಪ್ರಾಂತವುಳ್ಳ ನೆರೆಯ ಗ್ರೀಸ್ ಆಕ್ಷೇಪವೆತ್ತಿದ್ದರಿಂದ, 1993ರಲ್ಲಿ ಆ ದೇಶ ವಿಶ್ವಸಂಸ್ಥೆಯನ್ನು ಸೇರಿದ್ದು ‘ಹಿಂದಿನ ಯುಗೊಸ್ಲಾವ್ ಗಣರಾಜ್ಯ’ ಎಂಬ ತಾತ್ಕಾಲಿಕ ವಿಶೇಷಣ ಹೊತ್ತು. 2018ರ ಪ್ರೆಸ್ಪಾ ಒಪ್ಪಂದದ ಪ್ರಕಾರ ಅದು ತನ್ನ ಸಂವಿಧಾನವನ್ನೇ ತಿದ್ದಿ 2019ರ ಫೆಬ್ರುವರಿಯಲ್ಲಿ ಉತ್ತರ ಮ್ಯಾಸಿಡೋನಿಯವಾಯಿತು. ಗ್ರೀಸ್ ತಡೆಹಿಡಿದಿದ್ದ ನ್ಯಾಟೊ ಸದಸ್ಯತ್ವ 2020ರ ಮಾರ್ಚ್‌ನಲ್ಲಿ ದೊರೆಯಿತು.