ಅಸುಗೆಯ ತೊಗಟೆ ಮತ್ತು ಚಿನ್ನದೂರಿನ ಒರೆಗಲ್ಲು

ಕೋಲಾರದ ಚಿನ್ನದ ಗಣಿಯಲ್ಲಿ ಯಾರ ಮಾತನ್ನೂ ಸುಮ್ಮನೆ ನಂಬುವ ಪದ್ಧತಿ ಇರಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಬಂದು ನೆಲ ಅಗೆಯತೊಡಗಿದ ಮೇಲೆ, ಬಿಳಿ ಬೆಣಚುಕಲ್ಲಿನಲ್ಲಿ ಚಿನ್ನವಿದೆ ಎಂದು ಬಾಯಲ್ಲಿ ಹೇಳಿದರೆ ಸಾಲುತ್ತಿರಲಿಲ್ಲ. ಕಲ್ಲನ್ನು ಪುಡಿಮಾಡಬೇಕು, ಪುಡಿಯನ್ನು ಸೀಸದ ಆಕ್ಸೈಡಿನ ಜೊತೆ ಕುಲುಮೆಯಲ್ಲಿ ಕರಗಿಸಬೇಕು, ಮೂಳೆಬೂದಿಯ ಪುಟ್ಟ ಬಟ್ಟಲಿನಲ್ಲಿ ಸೀಸವೆಲ್ಲ ಇಂಗಿಹೋಗುವಂತೆ ಕಾಯಿಸಬೇಕು, ಕೊನೆಗೆ ಉಳಿದ ಸಾಸಿವೆಯಂಥ ಮಣಿಯನ್ನು ತೂಗಬೇಕು. ಒಂದು ಟನ್ ಕಲ್ಲಿಗೆ ಇಷ್ಟು ಗ್ರಾಂ ಎಂಬ ಲೆಕ್ಕ ಬಂದ ಮೇಲೇ ಸುರಂಗ ಎತ್ತ ಸಾಗಬೇಕೆಂಬ ತೀರ್ಮಾನ. ಅಕ್ಕಸಾಲಿಗರ ಒರೆಗಲ್ಲಿನ ದೊಡ್ಡ ರೂಪ ಅದು.

ಇದೇ ಊರಿನಲ್ಲಿ ಮನುಷ್ಯರ ಮೈಯನ್ನೂ ಹೀಗೆ ಲೆಕ್ಕಕ್ಕೆ ತಂದದ್ದುಂಟು. ಬೆಣಚುಕಲ್ಲಿನ ಧೂಳು ಕುಡಿದು ಗಣಿಯಾಳುಗಳ ಶ್ವಾಸಕೋಶ ಕಲ್ಲಾಗುವ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. 1940ರಿಂದ 1946ರವರೆಗೆ ಇಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ 3,402 ಜನರಲ್ಲಿ ಆ ಕಾಯಿಲೆ ಕಂಡಿತು. ಕೆಮ್ಮು ಆ ಮೊದಲೂ ಇತ್ತು. ಆದರೆ ಗುಡಿಸಲಿನಲ್ಲಿ ರಾತ್ರಿಯಿಡೀ ಕೆಮ್ಮುವ ಒಬ್ಬನ ಗೋಳು ಬೇರೆ, 3,402 ಎಂಬ ಅಂಕಿ ಬೇರೆ. ಅಂಕಿ ಇದ್ದರೆ ಪರಿಹಾರ ಕೇಳಬಹುದು, ಧೂಳಿಗೆ ನೀರು ಹೊಡೆಸಬಹುದು, ಯೂನಿಯನ್ನಿನ ಸಭೆಯಲ್ಲಿ ಎದ್ದು ನಿಲ್ಲಬಹುದು.

ಗಣಿಯ ಆಳಕ್ಕೆ ಇಳಿದವರು ಗಂಡಸರು. ನೆಲದ ಮೇಲೆ ದುಡಿದ, ನೀರು ಹೊತ್ತ, ಮನೆ ನಡೆಸಿದ ಹೆಂಗಸರ ಮೈಯಲ್ಲಿ ತಿಂಗಳಿಗೊಮ್ಮೆ ಏಳುತ್ತಿದ್ದ ಸಂಕಟ ಹೀಗೆ ಪ್ರಸಿದ್ಧ ಅಂಕಿಯಾಗಿ ನಮ್ಮ ಮುಂದೆ ನಿಂತಿಲ್ಲ. ಅದಕ್ಕೆ ಭಾಷೆಯೂ ಸ್ವಲ್ಪ ಕಾರಣ. ಕೆಜಿಎಫ್ ಮತ್ತು ಬಂಗಾರಪೇಟೆ ಕನ್ನಡ, ತಮಿಳು, ತೆಲುಗು ಮೂರೂ ಬೆರೆತ ಸೀಮೆ. ಕನ್ನಡದಲ್ಲಿ ‘ಮುಟ್ಟು’, ‘ಹೊರಗಾಗುವುದು’ ಎನ್ನುತ್ತೇವೆ. ತಮಿಳಿನಲ್ಲಿ ‘ದೂರಂ’ ಎನ್ನುತ್ತಾರೆ. ಈ ಮಾತುಗಳೆಲ್ಲ ಅವಳನ್ನು ಮುಟ್ಟಬಾರದವರ ಕಡೆಯಿಂದ ಹುಟ್ಟಿದವು. ಅವಳಿಗೆ ಏನಾಗುತ್ತಿದೆ ಎಂದು ಅವು ಹೇಳುವುದಿಲ್ಲ. ಇನ್ನು ಮುಟ್ಟಾಗುವುದಕ್ಕೆ ಮುಂಚಿನ ವಾರಕ್ಕಂತೂ ಆಡುಮಾತಿನಲ್ಲಿ ಒಂದು ಹೆಸರೇ ಇಲ್ಲ. ಕಾರಣವಿಲ್ಲದೆ ಕಣ್ಣೀರು, ಮಾತುಮಾತಿಗೆ ಸಿಡುಕು, ಎದೆ ಬಿಗಿತ, ಹೊಟ್ಟೆ ಉಬ್ಬರ, ತಲೆನೋವು, ನಿದ್ದೆಗೇಡು. ಮುಟ್ಟಾದ ಒಂದೆರಡು ದಿನದಲ್ಲಿ ಎಲ್ಲ ಮಂಜಿನಂತೆ ಕರಗಿಹೋಗುತ್ತದೆ. ಮನೆಯವರು ಅದನ್ನು ಅವಳ ಸ್ವಭಾವವೆಂದು ತಿಳಿದು ಸುಮ್ಮನಾಗುತ್ತಾರೆ.

ವೈದ್ಯಶಾಸ್ತ್ರ ಇದಕ್ಕೆ ಹೆಸರಿಟ್ಟದ್ದೂ ತಡವಾಗಿಯೇ. 1931ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫ್ರಾಂಕ್ ಇದನ್ನು ಮುಟ್ಟಿಗೆ ಮುಂಚಿನ ‘ಟೆನ್ಷನ್’ ಎಂದು ಕರೆದರು. 1953ರಲ್ಲಿ ಇಂಗ್ಲೆಂಡಿನ ಕ್ಯಾಥರೀನಾ ಡಾಲ್ಟನ್ ಮತ್ತು ರೇಮಂಡ್ ಗ್ರೀನ್ ‘ಪ್ರೀಮೆನ್‌ಸ್ಟ್ರುಯಲ್ ಸಿಂಡ್ರೋಮ್’ ಎಂಬ ಹೆಸರನ್ನು ಬಳಕೆಗೆ ತಂದರು. ಡಾಲ್ಟನ್ ಅವರಿಗೆ ತಮ್ಮದೇ ಮೈಗ್ರೇನ್ ತಿಂಗಳ ಲೆಕ್ಕಕ್ಕೆ ಬರುವುದು, ಬಸುರಿನಲ್ಲಿ ಇಲ್ಲವಾಗುವುದು ಗಮನಕ್ಕೆ ಬಂದಿತ್ತು. ಪ್ರೊಜೆಸ್ಟರಾನ್ ಹಾರ್ಮೋನನ್ನು ಅವರು ಮದ್ದೆಂದು ನಂಬಿ ಕೊಟ್ಟರು, ಎಷ್ಟೋ ಹೆಂಗಸರು ಗುಣವಾಯಿತೆಂದರು. ಆದರೆ ಮುಂದೆ ಅದೇ ಹಾರ್ಮೋನನ್ನು ಹುಸಿಗುಳಿಗೆಯ ಪಕ್ಕದಲ್ಲಿಟ್ಟು ನೋಡಿದ ಪರೀಕ್ಷೆಗಳಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕಾಯಿಲೆ ಗುರುತಿಸಿದ್ದು ಸರಿಯಿತ್ತು, ಮದ್ದು ಒರೆಯಲ್ಲಿ ನಿಲ್ಲಲಿಲ್ಲ. ಆಯುರ್ವೇದದ ಮಾತು ಎತ್ತುವ ಮೊದಲು ಇದನ್ನು ನೆನಪಿಡುವುದು ಒಳ್ಳೆಯದು. ಒರೆಗಲ್ಲು ಯಾವ ಪದ್ಧತಿಗೂ ರಿಯಾಯಿತಿ ಕೊಡುವುದಿಲ್ಲ.

ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಈ ಲಕ್ಷಣಕೂಟಕ್ಕೆ ನೇರವಾದ ಹೆಸರಿಲ್ಲ. ಅತಿಸ್ರಾವಕ್ಕೆ ಅಸೃಗ್ದರ ಎಂಬ ಹೆಸರಿದೆ, ಆರ್ತವದ ದೋಷಗಳ ವಿವರಣೆಯಿದೆ. ಇಂದಿನ ವೈದ್ಯರು ಮುಟ್ಟಿಗೆ ಮುಂಚಿನ ಸಂಕಟವನ್ನು ವಾತದ ಏರುಪೇರಿನ ಲೆಕ್ಕದಲ್ಲಿ ಓದುತ್ತಾರೆ. ಹೆಂಗಸರ ಮದ್ದೆಂದರೆ ಮೊದಲು ನೆನಪಾಗುವ ಮರ ಅಶೋಕ, ನಮ್ಮ ಹಳಗನ್ನಡ ಕವಿಗಳ ಅಸುಗೆ. ಹೆಣ್ಣಿನ ಪಾದ ಸೋಕಿದರೆ ಹೂಬಿಡುತ್ತದೆಂಬ ಕವಿಸಮಯ ಇದರದ್ದೇ. ಚರಕಸಂಹಿತೆ ನೋವು ತಣಿಸುವ ಹತ್ತು ದ್ರವ್ಯಗಳ ಗುಂಪಿನಲ್ಲಿ ಅಶೋಕವನ್ನು ಸೇರಿಸುತ್ತದೆ. ಭೈಷಜ್ಯರತ್ನಾವಳಿಯಲ್ಲಿ ಅಶೋಕಾರಿಷ್ಟದ ವಿಧಾನ ಬರುತ್ತದೆ: ತೊಗಟೆಯ ಕಷಾಯಕ್ಕೆ ಬೆಲ್ಲ ಬೆರೆಸಿ, ಧಾತಕಿ ಹೂ, ಜೀರಿಗೆ, ಶುಂಠಿ, ಕೊನ್ನಾರಿಗೆಡ್ಡೆ, ತ್ರಿಫಲೆ ಮೊದಲಾದವುಗಳನ್ನು ಸೇರಿಸಿ ಹುದುಗು ಬರಿಸುವುದು. ಅಲ್ಲಿ ಹೇಳಿರುವುದು ಮುಖ್ಯವಾಗಿ ಸ್ರಾವದ ತೊಂದರೆಗೆ. ಅದನ್ನೇ ಮುಂಚಿನ ವಾರದ ಸಿಡುಕಿಗೂ ಕಣ್ಣೀರಿಗೂ ಕೊಡುವುದು ನಮ್ಮ ಕಾಲದ ವಿಸ್ತರಣೆ. ಹಳೆಯದೆಂಬ ಗೌರವ ಈ ಹೊಸ ಬಳಕೆಗೆ ತಾನಾಗಿ ದಾಟಿ ಬರುವುದಿಲ್ಲ.

ಕೋಲಾರದ ಒಣ ಬಯಲು ಅಸುಗೆಯ ತವರಲ್ಲ. ಅದು ಪಶ್ಚಿಮಘಟ್ಟದ ಹಳ್ಳಕೊಳ್ಳಗಳ ಮರ. ಇಲ್ಲಿಗೆ ಬರುವುದು ಗ್ರಂಧಿಗೆ ಅಂಗಡಿಯ ಗೋಣಿಚೀಲದಲ್ಲಿ. ಗಣಿಯ ಲೈನುಗಳಿಗೆ ದೇಸಿ ವೈದ್ಯ ಬಂದದ್ದೂ ಒಂದೇ ದಾರಿಯಲ್ಲಲ್ಲ. ಉತ್ತರ ಆರ್ಕಾಟು, ಚಿತ್ತೂರುಗಳಿಂದ ಬಂದ ದಲಿತ ಕುಟುಂಬಗಳ ನಡುವೆ ಸಿದ್ಧ ವೈದ್ಯಕ್ಕೆ ದೊಡ್ಡ ಮರ್ಯಾದೆಯಿತ್ತು. ಮಾರಿಕುಪ್ಪಂನಲ್ಲಿ ಶಾಖೆ ಹೊಂದಿದ್ದ ಶಾಕ್ಯ ಬೌದ್ಧ ಸಂಘದ ಅಯೋತಿದಾಸ ಪಂಡಿತರು ಸ್ವತಃ ಸಿದ್ಧ ವೈದ್ಯರು. ನಾಟಿಮದ್ದೆಂದರೆ ಮೇಲುಜಾತಿಯವರ ಪಾಂಡಿತ್ಯ ಮಾತ್ರ ಎನ್ನುವವರು ಈ ಊರನ್ನು ನೋಡಬೇಕು.

ಈ ಮದ್ದುಗಳನ್ನು ಪರೀಕ್ಷಿಸುವ ಜಗಳಕ್ಕೆ ನೂರು ವರ್ಷ ದಾಟಿದೆ. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನಲ್ಲಿ ಆಯುರ್ವೇದ ಕಾಲೇಜು ಶುರುವಾಯಿತು. ಹತ್ತು ವರ್ಷದ ಮೇಲೆ, 1918ರಲ್ಲಿ, ಪಕ್ಕದ ಮದರಾಸು ಸರ್ಕಾರ ಡಾ. ಕೋಮನ್ ಎಂಬ ವೈದ್ಯರಿಗೆ ದೇಸಿ ಔಷಧಿಗಳನ್ನು ಪರಿಶೀಲಿಸುವ ಕೆಲಸ ಒಪ್ಪಿಸಿತು. ಅವರ ವರದಿ ದೇಸಿ ವೈದ್ಯಕ್ಕೆ ಅನುಕೂಲವಾಗಿರಲಿಲ್ಲ. ವೈದ್ಯರು ಸಿಟ್ಟಾದರು, ನಮ್ಮ ಶಾಸ್ತ್ರವನ್ನು ಅರಿಯದವರು ನಮ್ಮನ್ನು ತೂಗುವುದು ಹೇಗೆ ಎಂದು ಕೇಳಿದರು. 1923ರಲ್ಲಿ ಬಂದ ಉಸ್ಮಾನ್ ಸಮಿತಿಯ ವರದಿ ಈ ಪ್ರಶ್ನೆಗೆ ಬೆಲೆ ಕೊಟ್ಟು ದೇಸಿ ವೈದ್ಯವೂ ವಿಜ್ಞಾನವೇ ಎಂದು ವಾದಿಸಿತು. ಎರಡು ಕಡೆಯವರೂ ತಂತಮ್ಮ ಶಾಸ್ತ್ರದ ಮಾನದ ಬಗ್ಗೆ ಬಹಳ ಮಾತಾಡಿದರು. ಮದ್ದು ಕುಡಿದ ಹೆಂಗಸಿಗೆ ಹೇಗಿದೆ ಎಂಬುದು ಆ ಗದ್ದಲದಲ್ಲಿ ಹಿಂದೆ ಸರಿಯಿತು. 1964ರ ತಿದ್ದುಪಡಿಯಿಂದ ಆಯುರ್ವೇದ ಔಷಧಿಗಳೂ ಔಷಧ ಕಾಯ್ದೆಯೊಳಗೆ ಬಂದವು. ಆದರೂ ಪಟ್ಟಿಯಲ್ಲಿರುವ ಶಾಸ್ತ್ರಗ್ರಂಥದ ಯೋಗವನ್ನು ಅಲ್ಲಿ ಹೇಳಿದ ಉಪಯೋಗಕ್ಕೇ ತಯಾರಿಸಿದರೆ ಹೊಸದಾಗಿ ರೋಗಿಗಳ ಮೇಲೆ ಪ್ರಯೋಗ ಮಾಡಿ ತೋರಿಸಬೇಕಾಗಿಲ್ಲ. ಗ್ರಂಥವೇ ಸಾಕ್ಷಿ.

ಸಾಕ್ಷಿ ನಿಜವೇ ಇರಲಿ, ಬಾಟಲಿಯೊಳಗೆ ಇರುವುದು ಅಸುಗೆಯೇ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮೊದಲಾದ ಕಡೆಯ ವಿಜ್ಞಾನಿಗಳು ಮಾರುಕಟ್ಟೆಯಲ್ಲಿ ಅಶೋಕ ಎಂದು ಮಾರುತ್ತಿದ್ದ ತೊಗಟೆಯ 25 ಮಾದರಿಗಳನ್ನು ತಂದು ಡಿಎನ್‌ಎ ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ನೂರಕ್ಕೆ 80ಕ್ಕೂ ಹೆಚ್ಚು ಪಾಲು ನಕಲಿ. ಶಾಲೆ, ಕಚೇರಿಗಳ ಅಂಗಳದಲ್ಲಿ ಕಂಬದಂತೆ ನೆಟ್ಟಗೆ ನಿಲ್ಲುವ ಮರವನ್ನೂ ನಾವು ಅಶೋಕ ಎನ್ನುತ್ತೇವಲ್ಲ, ಅದು ಬೇರೆಯೇ ಜಾತಿಯ ಗಿಡ. ಅದರ ತೊಗಟೆ ಅಸುಗೆಯ ಹೆಸರಿನಲ್ಲಿ ಬೆರಕೆಯಾಗುವುದು ಹಳೆಯ ದೂರು. ನಿಜವಾದ ಅಸುಗೆಗಾದರೋ ಬೇಡಿಕೆಯೇ ಕುತ್ತಾಗಿದೆ. ತೊಗಟೆ ಸುಲಿಸಿಕೊಂಡ ಮರ ಎಷ್ಟು ದಿನ ಬದುಕೀತು? ಹೀಗಿರುವಾಗ ‘ಅಶೋಕ ಕೆಲಸ ಮಾಡಲಿಲ್ಲ’ ಎಂದು ಹೇಳುವುದೂ ಕಷ್ಟ, ‘ಮಾಡಿತು’ ಎನ್ನುವುದೂ ಕಷ್ಟ. ಕೆಜಿಎಫ್‌ನಲ್ಲಾಗಿದ್ದರೆ ಅದಿರು ಯಾವ ಸುರಂಗದ್ದೆಂದು ಚೀಟಿ ಅಂಟಿಸದೆ ಕುಲುಮೆಗೆ ಹಾಕುತ್ತಿರಲಿಲ್ಲ.

ಇನ್ನೊಂದು ತೊಡಕಿದೆ, ಅದು ಹೆಚ್ಚು ಸೂಕ್ಷ್ಮ. ಅದನ್ನು ತಿಳಿಯಲು ಮತ್ತೆ ಗಣಿಗೇ ಇಳಿಯಬಹುದು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಎರಡು ಕಿಲೋಮೀಟರಿಗೂ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣದ ಗುರುತು ಹಿಡಿದರು. ಅಷ್ಟು ಆಳಕ್ಕೆ ಹೋದದ್ದೇಕೆ? ಮೇಲೆ ಬೇರೆ ಕಣಗಳ ಸುರಿಮಳೆ. ಆ ಗದ್ದಲವನ್ನು ಬಂಡೆ ತಡೆದರಷ್ಟೇ ಬೇಕಾದ್ದು ಕೇಳಿಸೀತು. ಮುಟ್ಟಿಗೆ ಮುಂಚಿನ ಸಂಕಟದ ಮದ್ದಿನಲ್ಲೂ ಅಂಥ ಗದ್ದಲ ಬಹಳ. ನೋವು ತಾನಾಗಿಯೇ ಏರಿಳಿಯುತ್ತದೆ. ಅದು ತೀರ ಹೆಚ್ಚಾದ ತಿಂಗಳು ವೈದ್ಯರಲ್ಲಿಗೆ ಹೋದರೆ ಮುಂದಿನ ತಿಂಗಳು ಏನು ಕುಡಿದರೂ ಸ್ವಲ್ಪ ಕಡಿಮೆ ಅನ್ನಿಸಬಹುದು. ಒಬ್ಬರು ಕೂತು ಕೇಳಿಸಿಕೊಂಡರೂ ಕಡಿಮೆಯಾಗುತ್ತದೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಕ್ಯಾಲ್ಸಿಯಂ ಪರೀಕ್ಷೆಯಲ್ಲಿ ಮದ್ದು ಪಡೆದವರ ತೊಂದರೆ ಮೂರನೆಯ ತಿಂಗಳಿಗೆ ನೂರಕ್ಕೆ 48ರಷ್ಟು ಇಳಿದಿತ್ತು. ಹುಸಿಗುಳಿಗೆ ನುಂಗಿದವರದೂ 30ರಷ್ಟು ಇಳಿದಿತ್ತು. ಹೋಲಿಕೆಯ ಗುಂಪು ಇಲ್ಲದಿದ್ದರೆ ಆ ಮೂವತ್ತನ್ನೂ ಮದ್ದಿನ ಖಾತೆಗೇ ಬರೆಯುತ್ತಿದ್ದೆವು.

ಗಿಡಮೂಲಿಕೆಗೆ ಈ ಪರೀಕ್ಷೆ ಒಗ್ಗುವುದಿಲ್ಲ ಎನ್ನುವವರಿಗೆ ಉತ್ತರ 2001ರಲ್ಲೇ ಸಿಕ್ಕಿದೆ. ಯುರೋಪಿನ ವೈಟೆಕ್ಸ್ ಹಣ್ಣಿನ ಸಾರವನ್ನು ಜರ್ಮನಿಯಲ್ಲಿ 170 ಹೆಂಗಸರಲ್ಲಿ ಮೂರು ಋತುಚಕ್ರ ಪರೀಕ್ಷಿಸಿದರು. ಮದ್ದು ಪಡೆದವರಲ್ಲಿ ನೂರಕ್ಕೆ 52 ಮಂದಿಗೆ ಗಣನೀಯ ಗುಣ, ಹುಸಿಗುಳಿಗೆಯಲ್ಲಿ 24 ಮಂದಿಗೆ. ಆ ಗಿಡ ನಮ್ಮ ಬೇಲಿಯ ಲಕ್ಕಿ ಗಿಡದ ದಾಯಾದಿ. ಹಾಗೆಂದು ಲಕ್ಕಿ ಸೊಪ್ಪನ್ನು ಅರೆದು ಕುಡಿಯಬೇಕೆಂದಲ್ಲ; ದಾಯಾದಿಯ ಗುಣ ಇವನಲ್ಲೂ ಇರಲೇಬೇಕೆಂದಿಲ್ಲ. ಮೂಲಿಕೆಯನ್ನೂ ನ್ಯಾಯವಾಗಿ ತೂಗಬಹುದು ಎಂಬುದಷ್ಟೇ ಇಲ್ಲಿಯ ಪಾಠ.

ಬಂಗಾರಪೇಟೆಯಲ್ಲಿ ಅಶೋಕಾರಿಷ್ಟವನ್ನು ಹೀಗೆ ತೂಗುವುದಾದರೆ ಏನೇನು ಬೇಕು? ತೊಗಟೆಯ ಗುರುತು ಮೊದಲು ಖಾತ್ರಿಯಾಗಬೇಕು. ಅದೇ ಬಣ್ಣ, ಅದೇ ಹುಳಿಸಿಹಿ ಒಗರಿನ, ಅಶೋಕವಿಲ್ಲದ ಇನ್ನೊಂದು ಪಾನಕ ಬೇಕು. ಯಾರಿಗೆ ಯಾವುದೆಂದು ಕೊಟ್ಟವರಿಗೂ ಕುಡಿದವರಿಗೂ ತಿಳಿಯಬಾರದು. ಹುದುಗಿನಿಂದ ಹುಟ್ಟುವ ಮದ್ಯಾಂಶ ಅರಿಷ್ಟದಲ್ಲಿ ಇರುತ್ತದೆಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಪ್ರಯೋಗವನ್ನು 2007ರಲ್ಲಿ ಶುರುವಾದ ರಾಷ್ಟ್ರೀಯ ನೋಂದಣಿಯಲ್ಲಿ ಮುಂಚೆಯೇ ದಾಖಲಿಸಬೇಕು, ಫಲ ಸಿಗದಿದ್ದರೆ ಮುಚ್ಚಿಡಲು ಆಗದಂತೆ. ಎಲ್ಲಕ್ಕಿಂತ ಮೊದಲು, ಮದ್ದು ಮುಟ್ಟುವ ಮುನ್ನ, ಪ್ರತಿ ಹೆಂಗಸೂ ಎರಡು ತಿಂಗಳು ದಿನಚರಿ ಬರೆಯಬೇಕು: ಇವತ್ತು ಸಿಡುಕು ಎಷ್ಟು, ನಿದ್ದೆ ಎಷ್ಟು, ನೋವು ಎಷ್ಟು. ಮುಟ್ಟು ಮುಗಿದ ವಾರ ನಿರಾಳವಾಗಿದ್ದು ಮುಂಚಿನ ವಾರ ಏರಿದರೆ ಅದು ಈ ಕಾಯಿಲೆ. ತಿಂಗಳಿಡೀ ಒಂದೇ ಸಮನಿದ್ದರೆ ಅದು ರಕ್ತಹೀನತೆಯೋ, ಖಿನ್ನತೆಯೋ, ಮನೆಯ ಹಿಂಸೆಯೋ ಇದ್ದೀತು. ಅದಕ್ಕೆ ಅಸುಗೆ ಮದ್ದಲ್ಲ. ಆ ದಿನಚರಿ ಕನ್ನಡ, ತಮಿಳು, ತೆಲುಗಿನಲ್ಲಿರಬೇಕು, ಅವಳ ಮಾತಿನಲ್ಲಿರಬೇಕು. ಕಾಯಿಲೆಗೆ ರಕ್ತಪರೀಕ್ಷೆಯಿಲ್ಲ, ಎಕ್ಸ್‌ರೇ ಇಲ್ಲ. ಅವಳು ಬರೆದದ್ದೇ ಅಳತೆಗೋಲು. ಸಿಲಿಕೋಸಿಸ್ ಎಣಿಸುವಾಗ ಗಣಿಯಾಳನ್ನು ನಂಬದಿದ್ದರೂ ಎಕ್ಸ್‌ರೇ ಇತ್ತು. ಇಲ್ಲಿ ಅವಳನ್ನು ನಂಬದೆ ವಿಜ್ಞಾನ ಒಂದು ಹೆಜ್ಜೆಯೂ ಮುಂದೆ ಹೋಗಲಾರದು.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಈಗ ಮಾರಿಕುಪ್ಪಂನಿಂದ ಹೊರಡುವ ನಸುಕಿನ ರೈಲು ಬಂಗಾರಪೇಟೆ ಹಾದು ಬೆಂಗಳೂರಿಗೆ ದುಡಿಮೆಗಾರರನ್ನು ಒಯ್ಯುತ್ತದೆ, ಅವರಲ್ಲಿ ಹೆಂಗಸರೂ ಬಹಳ. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ದೊಡ್ಡ ಮಾತು. ಆದರೆ ಮುಂಚಿನ ವಾರ ಆ ರಜೆಯ ಲೆಕ್ಕಕ್ಕೆ ಸುಲಭವಾಗಿ ಬರುವುದಿಲ್ಲ, ಯಾಕೆಂದರೆ ಅದರ ಲೆಕ್ಕವನ್ನೇ ನಾವು ಬರೆದಿಟ್ಟಿಲ್ಲ. ಅಶೋಕಾರಿಷ್ಟ ಒರೆಯಲ್ಲಿ ನಿಲ್ಲಬಹುದು, ನಿಲ್ಲದೆಯೂ ಹೋಗಬಹುದು. ಎರಡರಲ್ಲಿ ಯಾವುದಾದರೂ ಆ ಎರಡು ತಿಂಗಳ ದಿನಚರಿ ವ್ಯರ್ಥವಲ್ಲ. ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತವಳ ನೋವಿಗೆ ತಾರೀಖು ಹಾಕಿದ ಮೊದಲ ಪುಸ್ತಕ ಅದಾಗುತ್ತದೆ.